ಡಾಸ್ ಕಾಲದ ಫಾಕ್ಸ್‌ಪ್ರೊ ತಂತ್ರಾಂಶ ವಿಂಡೋಸ್ 11ರಲ್ಲಿ ತೆರೆಯುತ್ತಿಲ್ಲ, ಗ್ರಂಥಾಲಯದ ಲೆಕ್ಕವೆಲ್ಲ ಅದರಲ್ಲೇ ಇದೆ

ಗ್ರಂಥಪಾಲ:
ನಮಸ್ಕಾರ. ನಮ್ಮ ಊರಿನ ಸಣ್ಣ ಗ್ರಂಥಾಲಯದ ಪುಸ್ತಕಪಟ್ಟಿ, ಸದಸ್ಯರ ಹೆಸರು, ಎರವಲು ಲೆಕ್ಕ ಎಲ್ಲವೂ 1995ರಲ್ಲಿ ಹಿರಿಯರೊಬ್ಬರು ಬರೆದುಕೊಟ್ಟ ಫಾಕ್ಸ್‌ಪ್ರೊ (ಪಟ್ಟಿ, ದಾಖಲೆಗಳನ್ನು ಇಡುವ ಹಳೆಯ ಡೇಟಾಬೇಸ್) ತಂತ್ರಾಂಶದಲ್ಲಿವೆ. 32 ಬಿಟ್‌ನ ವಿಂಡೋಸ್ 7ರಲ್ಲಿ ಇಷ್ಟು ವರ್ಷ ತಕರಾರಿಲ್ಲದೆ ನಡೆಯಿತು. ಆ ಕಂಪ್ಯೂಟರ್ ಈಗ ನಡುನಡುವೆ ತಾನಾಗಿ ಆರಿಹೋಗುತ್ತದೆ. ಅದಕ್ಕಾಗಿ ವಿಂಡೋಸ್ 11 ಇರುವ ಹೊಸದನ್ನು ಕೊಂಡೆವು. ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ತಂದು ತೆರೆದರೆ, ಇದು ಈ ಕಂಪ್ಯೂಟರ್‌ನಲ್ಲಿ ನಡೆಯುವುದಿಲ್ಲ ಎಂಬ ಸೂಚನೆ ಬರುತ್ತದೆ. ಹೊಂದಾಣಿಕೆಯ ಆಯ್ಕೆಯಲ್ಲಿ ವಿಂಡೋಸ್ ಎಕ್ಸ್‌ಪಿ ಎಂದು ಗುರುತು ಹಾಕಿದರೂ ಅಷ್ಟೇ. ಬರೆದುಕೊಟ್ಟ ಹಿರಿಯರು ಈಗಿಲ್ಲ. ಯಾರಾದರೂ ದಾರಿ ತೋರಿಸುವಿರಾ?

ಬಯಲುಸೀಮೆ:
ಹೊಸ ಕಂಪ್ಯೂಟರ್‌ಗೆ 32 ಬಿಟ್‌ನ ವಿಂಡೋಸ್ 10 ಹಾಕಿಬಿಡಿ, ನಡೆಯುತ್ತದೆ.

ಕೀಲಿಮಣೆ:
ಗ್ರಂಥಪಾಲರೇ, ಬೇರೆ ಏನನ್ನೂ ಮಾಡುವ ಮೊದಲು ಹಳೆಯ ಕಂಪ್ಯೂಟರ್‌ನಲ್ಲಿರುವ ಇಡೀ ಫೋಲ್ಡರಿನ ಎರಡು ಪ್ರತಿ ಮಾಡಿ, ಎರಡು ಕಡೆ ಇಡಿ. ತಾನಾಗಿ ಆರಿಹೋಗುವ ಯಂತ್ರ ಯಾವತ್ತು ಮತ್ತೆ ಏಳುವುದಿಲ್ಲವೋ ಹೇಳಲಾಗದು.

ಇನ್ನು ಕಾರಣ. ನಿಮ್ಮದು ವಿಂಡೋಸ್‌ಗೂ ಹಿಂದಿನ ಡಾಸ್ ಎಂಬ ಕಾರ್ಯವ್ಯವಸ್ಥೆಗಾಗಿ ಬರೆದ 16 ಬಿಟ್‌ನ ತಂತ್ರಾಂಶ. 32 ಬಿಟ್ ವಿಂಡೋಸ್‌ನೊಳಗೆ ಇಂಥವನ್ನು ನಡೆಸಲೆಂದೇ ಎನ್‌ಟಿವಿಡಿಎಂ ಎಂಬ ಭಾಗವಿತ್ತು. 64 ಬಿಟ್ ವಿಂಡೋಸ್‌ನಲ್ಲಿ ಅದು ಇಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಹೊಂದಾಣಿಕೆಯ ಆಯ್ಕೆ ಹಳೆಯ ವಿಂಡೋಸ್‌ನ ನಡವಳಿಕೆಯನ್ನು ಅನುಕರಿಸುತ್ತದೆಯೇ ಹೊರತು, ಇಲ್ಲದ ಭಾಗವನ್ನು ತಂದುಕೊಡುವುದಿಲ್ಲ. ಹಾಗಾಗಿ ನೀವು ಏನೂ ತಪ್ಪು ಮಾಡಿಲ್ಲ.

ಬಯಲುಸೀಮೆಯವರು ಹೇಳಿದ ದಾರಿಯನ್ನು ನಾನು ಒಪ್ಪುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಒಂದು ತಂತ್ರಾಂಶಕ್ಕಾಗಿ ಹೊಸ ಕಂಪ್ಯೂಟರನ್ನೇ ಹಿಂದಕ್ಕೆ ಕೊಂಡೊಯ್ಯುವುದು ಬೇಡ.

ಡಾಸ್‌ಬಾಕ್ಸ್-ಎಕ್ಸ್ ಹಾಕಿಕೊಳ್ಳಿ, ಇದು ಹೊಸ ವಿಂಡೋಸ್‌ನೊಳಗೆ ಹಳೆಯ ಡಾಸ್ ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶ, ಉಚಿತವಾಗಿ ಸಿಗುತ್ತದೆ. ಮೂಲ ಡಾಸ್‌ಬಾಕ್ಸ್ ಆಟಗಳಿಗಾಗಿ ಮಾಡಿದ್ದು, ಲೆಕ್ಕಪತ್ರದ ಕೆಲಸಕ್ಕೆ ಡಾಸ್‌ಬಾಕ್ಸ್-ಎಕ್ಸೇ ವಾಸಿ. ಸಿ ಡ್ರೈವ್‌ನಲ್ಲೇ ಒಂದು ಫೋಲ್ಡರ್ ಮಾಡಿ, ಎಂಟು ಅಕ್ಷರ ಮೀರದ ಹೆಸರಿಟ್ಟು, ಪ್ರತಿಯನ್ನು ಅಲ್ಲಿಗೆ ಹಾಕಿ. ಪ್ರೋಗ್ರಾಮ್ ಫೈಲ್ಸ್ ಒಳಗೆ ಇಡಬೇಡಿ, ಅಲ್ಲಿ ಬರೆಯಲು ವಿಂಡೋಸ್ ಸುಲಭಕ್ಕೆ ಬಿಡುವುದಿಲ್ಲ. ನಂತರ ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ಮೌಂಟ್ ಆಜ್ಞೆಯಿಂದ ಆ ಫೋಲ್ಡರನ್ನು ಡ್ರೈವ್ ಆಗಿ ಜೋಡಿಸಿ, ತಂತ್ರಾಂಶವನ್ನು ತೆರೆಯಿರಿ.

ಗ್ರಂಥಪಾಲ:
ತೆರೆಯಿತು! ಅದೇ ನೀಲಿ ಪರದೆ ಕಂಡಾಗ ಮನಸ್ಸು ತುಂಬಿ ಬಂತು. ಆದರೆ ಲೇಖಕರ ಹೆಸರಿನಿಂದ ಹುಡುಕಿದರೆ ಕೆಲವು ಪುಸ್ತಕಗಳು ಸಿಗುವುದಿಲ್ಲ. ಪಟ್ಟಿಯಲ್ಲಿ ಮಾತ್ರ ಇವೆ. ನಡುವೆ ಪುಸ್ತಕಪಟ್ಟಿ ಇರುವ ಡಿಬಿಎಫ್ ಫೈಲನ್ನು ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದಲ್ಲಿ ತೆರೆದು ಒಂದೆರಡು ಹೆಸರು ತಿದ್ದಿ ಉಳಿಸಿದ್ದೆ.

ಕೀಲಿಮಣೆ:
ಆ ತಿದ್ದುಪಡಿಯೇ ಕಾರಣ. ಪುಸ್ತಕದ ವಿವರ ಡಿಬಿಎಫ್‌ನಲ್ಲಿದ್ದರೆ, ಹುಡುಕಾಟದ ಸೂಚಿ ಸಿಡಿಎಕ್ಸ್ ಎಂಬ ಇನ್ನೊಂದು ಫೈಲ್‌ನಲ್ಲಿದೆ. ಲಿಬ್ರೆಆಫೀಸ್ ಮೊದಲನೆಯದನ್ನು ಬದಲಿಸಿತು, ಸೂಚಿಯನ್ನು ಮುಟ್ಟಲಿಲ್ಲ. ಗ್ರಂಥಾಲಯದಲ್ಲಿ ಪುಸ್ತಕವನ್ನು ಬೇರೆ ಕಪಾಟಿಗೆ ಸರಿಸಿ ಕಾರ್ಡನ್ನು ತಿದ್ದದೆ ಬಿಟ್ಟಂತೆ. ನಿಮ್ಮ ತಂತ್ರಾಂಶದ ಮೆನುವಿನಲ್ಲಿ ರೀಇಂಡೆಕ್ಸ್ (ಸೂಚಿಯನ್ನು ಹೊಸದಾಗಿ ಕಟ್ಟುವ ಆಯ್ಕೆ) ಇದೆಯೇ ನೋಡಿ. ಇಲ್ಲದಿದ್ದರೆ ತಿದ್ದುವ ಮೊದಲಿನ ಪ್ರತಿಯನ್ನು ಮರಳಿ ಹಾಕಿ. ಎಫ್‌ಪಿಟಿ ಎಂಬ ಫೈಲ್ ಇದ್ದರೆ ಅದರಲ್ಲಿ ದೊಡ್ಡ ಟಿಪ್ಪಣಿಗಳಿರುತ್ತವೆ. ಈ ಮೂರೂ ಸದಾ ಜೊತೆಗೇ ಹೋಗಬೇಕು. ತಂತ್ರಾಂಶದಿಂದ ಅದರ ಮೆನುವಿನ ಮೂಲಕವೇ ಹೊರಬನ್ನಿ, ಕಿಟಕಿಯನ್ನು ನೇರವಾಗಿ ಮುಚ್ಚಿದರೂ ಸೂಚಿ ಕೆಡಬಹುದು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮುಂದೂಡಬೇಡಿ. ಬೇರೆ ಪ್ರತಿಯೊಂದನ್ನು ಲಿಬ್ರೆಆಫೀಸ್‌ನಲ್ಲಿ ತೆರೆದು ಓಡಿಎಸ್ (ಲಿಬ್ರೆಆಫೀಸ್‌ನ ಕೋಷ್ಟಕ) ಮತ್ತು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ರೂಪದಲ್ಲೂ ಉಳಿಸಿ. ತಂತ್ರಾಂಶ ಎಂದಾದರೂ ನಿಂತೇಹೋಗಬಹುದು, ಮೂವತ್ತು ವರ್ಷದ ಪಟ್ಟಿ ಅದರೊಂದಿಗೆ ಹೋಗಬಾರದು.

ಗ್ರಂಥಪಾಲ:
ಹಳೆಯ ಪ್ರತಿ ಹಾಕಿದೆ, ಹುಡುಕಾಟ ಸರಿಯಾಯಿತು. ಹೆಸರುಗಳನ್ನು ಈ ಬಾರಿ ತಂತ್ರಾಂಶದೊಳಗೇ ತಿದ್ದಿದೆ. ಓಡಿಎಸ್ ಪ್ರತಿಯಲ್ಲೂ ಮೊದಲ ಪುಸ್ತಕದಿಂದ ಕೊನೆಯ ಪುಸ್ತಕದವರೆಗೆ ಸಂಖ್ಯೆ ತಾಳೆಯಾಗಿದೆ. ಒಂದು ಪ್ರತಿ ಗ್ರಂಥಾಲಯದ ಬೀರುವಿನಲ್ಲಿದೆ, ಇನ್ನೊಂದು ನಮ್ಮ ಮನೆಯಲ್ಲಿ. ರಸೀದಿ ಮುದ್ರಣ ಇನ್ನೂ ಆಗಿಲ್ಲ, ಅದನ್ನು ಬೇರೆ ಪ್ರಶ್ನೆಯಾಗಿ ಕೇಳುತ್ತೇನೆ. ಧನ್ಯವಾದಗಳು.