ಅಪ್‌ಡೇಟ್: ಹಳೆಯ ಆಘಾತ ಮತ್ತು ಜೋಡಿ ಥೆರಪಿ

ಮನಸ್ಸಿಗಾದ ಹಳೆಯ ಆಘಾತದ ಮಾತನ್ನು, ಸಂಗಾತಿಗಳಿಬ್ಬರೂ ಥೆರಪಿಸ್ಟ್ ಮುಂದೆ ಜೋಡಿಯಾಗಿ ಕೂರುವ ಸೆಷನ್‌ನಲ್ಲೇ ತೆಗೆಯಬಹುದಾ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ತೆಗೆಯಬಹುದು, ಆದರೆ ಘಟನೆಯ ಪೂರ್ತಿ ವಿವರ ಸಾಮಾನ್ಯವಾಗಿ ಒಬ್ಬರೇ ಹೋಗುವ ಥೆರಪಿಗೇ ಸರಿ. ಜೋಡಿ ಸೆಷನ್‌ಗೆ ಬೇಕಾದದ್ದು, ಅದು ಇವತ್ತು ಇಬ್ಬರ ನಡುವೆ ಹೇಗೆ ತಲೆ ಎತ್ತುತ್ತದೆ ಎಂಬುದು. ಬಾಗಿಲು ದಡಾರನೆ ಬಡಿದ ಸದ್ದಿಗೆ ಒಬ್ಬರು ಮರಗಟ್ಟಿ ಕೂರುತ್ತಾರೆ, ಇನ್ನೊಬ್ಬರು 'ಏನಾಯ್ತು, ಮಾತಾಡು' ಎಂದು ಬೆನ್ನುಬೀಳುತ್ತಾರೆ. ಒತ್ತಾಯ ಹೆಚ್ಚಿದಷ್ಟೂ ಮೌನ ಗಟ್ಟಿಯಾಗುತ್ತದೆ. ಮೊದಲು ಈ ಸುತ್ತನ್ನು ಇಬ್ಬರೂ ಗುರುತಿಸಬೇಕು.

ಜಗಳದ ನಡುವೆ ಎದೆಬಡಿತ ಏರಿದಾಗ ಕನಿಷ್ಠ 20 ನಿಮಿಷ ಬ್ರೇಕ್. ಐದೇ ನಿಮಿಷಕ್ಕೆ ವಾಪಸ್ ಬಂದರೆ ಮೈ ಇನ್ನೂ ತಣಿದಿರುವುದಿಲ್ಲ, ಜಗಳ ಬಿಟ್ಟಲ್ಲಿಂದಲೇ ಶುರು. ಎಷ್ಟು ಹೊತ್ತಿಗೆ ಬರುತ್ತೇನೆಂದು ಹೇಳಿಯೇ ಏಳಬೇಕು, ಇಲ್ಲವಾದರೆ ಅಲ್ಲೇ ಉಳಿದ ಸಂಗಾತಿಗೆ ತನ್ನನ್ನು ಕೈಬಿಟ್ಟಂತೆ ಅನಿಸುತ್ತದೆ.

ದಯವಿಟ್ಟು ಗಮನಿಸಿ: ಮನೆಯಲ್ಲಿ ಈಗಲೂ ಹೊಡೆತ, ಬೆದರಿಕೆ ಇದ್ದರೆ ಜೋಡಿ ಸೆಷನ್ ಬೇಡ. ಅಲ್ಲಿ ಬಾಯ್ಬಿಟ್ಟದ್ದಕ್ಕೆ ಮನೆಯಲ್ಲಿ ಏಟು ಬೀಳಬಹುದು.