ಕಾಂಗೋದ ಜಗಳದಲ್ಲಿ ಅಕ್ಕಪಕ್ಕದ ದೇಶಗಳಿಗೇನು ಕೆಲಸ?

ರಾತ್ರಿಪಾಳಿ: ಮೂರು ದಿನದಿಂದ ಕಾಂಗೋ ಯುದ್ಧದ ಬಗ್ಗೆ ಓದ್ತಾ ಇದ್ದೇನೆ, ತಲೆ ಕೆಟ್ಟುಹೋಗಿದೆ. ಅಂತರ್ಯುದ್ಧ ಅಂತಾರೆ, ನೋಡಿದರೆ 1998ರಲ್ಲಿ ರುವಾಂಡಾ, ಉಗಾಂಡಾ ಒಂದು ಕಡೆ, ಅಂಗೋಲಾ, ಜಿಂಬಾಬ್ವೆ, ನಮೀಬಿಯಾ ಇನ್ನೊಂದು ಕಡೆ. ಬರೀ ಖನಿಜದ ಆಸೆಗೆ ಇಷ್ಟೂ ಜನ ಬಂದರಾ? ಜಿಂಬಾಬ್ವೆಗೆ ಕಾಂಗೋ ಜೊತೆ ಗಡಿಯೇ ಇಲ್ವಲ್ಲ!

ಮಲೆನಾಡಿಗ: ಖನಿಜ ಆಮೇಲಿನ ಮಾತು. ಶುರುವಾಗಿದ್ದು ನಿರಾಶ್ರಿತರ ಶಿಬಿರಗಳಿಂದ. 1994ರಲ್ಲಿ ರುವಾಂಡಾದಲ್ಲಿ ಹುಟು ಸಮುದಾಯದ ಉಗ್ರರಿಂದ ಟುಟ್ಸಿ ಸಮುದಾಯದವರ ನರಮೇಧ ಆಯ್ತಲ್ವಾ, ಅದು ಮುಗಿಯುವ ಹೊತ್ತಿಗೆ ಹತ್ತು ಲಕ್ಷಕ್ಕೂ ಜಾಸ್ತಿ ಹುಟುಗಳು ಗಡಿ ದಾಟಿ ಜೈರ್‌ಗೆ, ಅಂದರೆ ಈಗಿನ ಕಾಂಗೋಗೆ ಬಂದರು. ಹೆಚ್ಚಿನವರು ಪಾಪ, ಜೀವ ಉಳಿಸಿಕೊಳ್ಳಲು ಓಡಿಬಂದವರು. ಆದರೆ ಕೊಂದವರೂ ಅದೇ ಗುಂಪಿನಲ್ಲಿದ್ದರು, ಶಿಬಿರದ ಯಜಮಾನಿಕೆಯೂ ಅವರದ್ದೇ, ಅಲ್ಲಿಂದಲೇ ರುವಾಂಡಾ ಮೇಲೆ ದಾಳಿ. ಕಾಂಗೋದ ಗಡಿ ಊರು ಗೋಮಾವನ್ನು ಮ್ಯಾಪ್‌ನಲ್ಲಿ ನೋಡಿ, ಊರು ಮುಗಿಯುವಲ್ಲೇ ರುವಾಂಡಾದ ಗಿಸೆನ್ಯಿ ಶುರು. ತರಕಾರಿ ಹೊತ್ತ ಹೆಂಗಸರು ನಡೆದೇ ಗಡಿ ದಾಟಿ, ವ್ಯಾಪಾರ ಮುಗಿಸಿ ಸಂಜೆ ಮನೆ ಸೇರುತ್ತಾರೆ. ಅಷ್ಟು ಹತ್ತಿರ. 1996ರಲ್ಲಿ ರುವಾಂಡಾ, ಉಗಾಂಡಾ ಸೇರಿ ಕಾಂಗೋದ ಬಂಡುಕೋರ ನಾಯಕ ಲಾರೆಂಟ್ ಕಬಿಲಾನನ್ನು ಮುಂದಿಟ್ಟುಕೊಂಡು ನುಗ್ಗಿದವು. 1997ರ ಮೇ ತಿಂಗಳಲ್ಲಿ ಅಲ್ಲಿನ ಸರ್ವಾಧಿಕಾರಿ ಮೊಬುಟು ಓಡಿಹೋದ.

ಹಳೇ ಪೇಪರ್: ಮುಂದಿನದು ಇನ್ನೂ ಮಜಾ. ಕಬಿಲಾ ಗೆದ್ದ ಮೇಲೆ ಕಾಂಗೋ ಸೇನೆಯ ಮುಖ್ಯಸ್ಥನಾಗಿದ್ದು ಯಾರು ಗೊತ್ತಾ? ಜೇಮ್ಸ್ ಕಬರೆಬೆ, ರುವಾಂಡಾದ ಅಧಿಕಾರಿ! ಜನ ಎಷ್ಟು ದಿನ ಸಹಿಸುತ್ತಾರೆ? 1998ರ ಜುಲೈನಲ್ಲಿ ಕಬಿಲಾ ಹೊರಗಿನ ಸೈನಿಕರಿಗೆಲ್ಲ ಜಾಗ ಖಾಲಿ ಮಾಡಿ ಅಂದ. ಮುಂದಿನ ತಿಂಗಳೇ ಅದೇ ಕಬರೆಬೆ ಗೋಮಾದಲ್ಲಿ ವಿಮಾನಗಳನ್ನು ಹಿಡಿದು, ಸೈನಿಕರನ್ನು ತುಂಬಿಕೊಂಡು, ದೇಶದ ಆ ತುದಿಯ, ಪಶ್ಚಿಮದ ಸೇನಾ ನೆಲೆ ಕಿಟೋನಾದಲ್ಲಿ ಇಳಿದ. ಇಂಗಾ ಅಣೆಕಟ್ಟು ಕೈಗೆ ಸಿಕ್ಕಿತು, ರಾಜಧಾನಿ ಕಿನ್ಶಾಸಾದಲ್ಲಿ ಕರೆಂಟ್ ಹೋಯಿತು. ಆಗ ಕಬಿಲಾನನ್ನು ಉಳಿಸಿದ್ದು ಅಂಗೋಲಾ. ಅದೂ ಪ್ರೀತಿಯಿಂದಲ್ಲ, ಮೊಬುಟು ಕಾಲದಲ್ಲಿ ತಮ್ಮ ಬಂಡುಕೋರ ಯುನಿಟಾಗೆ ಕಾಂಗೋ ಆಸರೆ ಕೊಟ್ಟಿತ್ತು, ಮತ್ತೆ ಹಾಗಾಗಬಾರದು ಅಂತ. ಜಿಂಬಾಬ್ವೆಯದು ಆಗಿನ ಅಧ್ಯಕ್ಷ ಮುಗಾಬೆಯ ಪ್ರತಿಷ್ಠೆ, ಜೊತೆಗೆ ಗಣಿ ಗುತ್ತಿಗೆ.

ಉಪ್ಪುಖಾರ: ಮಲೆನಾಡಿಗ ಸರ್, ಗಡಿ ಭಯ ಅಂತ ಜಾಸ್ತಿ ರಿಯಾಯಿತಿ ಕೊಡಬೇಡಿ. ಕಿಸಂಗಾನಿ ಗಡಿಯಿಂದ ನೂರಾರು ಕಿಲೋಮೀಟರ್ ಒಳಗಿದೆ. ಅಲ್ಲಿ 2000ದ ಜೂನ್‌ನಲ್ಲಿ ರುವಾಂಡಾ, ಉಗಾಂಡಾ ಪರಸ್ಪರ ಆರು ದಿನ ಶೆಲ್ ಹೊಡೆದುಕೊಂಡವು. ಇಬ್ಬರೂ ಮಿತ್ರರು, ಊರು ಮೂರನೆಯವರದ್ದು! ವಜ್ರದ ವ್ಯಾಪಾರ ಇದ್ದ ಊರು ಅನ್ನೋದನ್ನು ಮರೀಬೇಡಿ. ಸತ್ತವರಲ್ಲಿ ಅಲ್ಲಿನ ಸಾಮಾನ್ಯ ಜನ ನೂರಾರು. ಅಂತರರಾಷ್ಟ್ರೀಯ ನ್ಯಾಯಾಲಯ 2022ರಲ್ಲಿ ಉಗಾಂಡಾಗೆ 32.5 ಕೋಟಿ ಡಾಲರ್ ಪರಿಹಾರ ಕಟ್ಟು ಅಂತು, ಅದೂ ಐದು ವಾರ್ಷಿಕ ಕಂತಲ್ಲಿ.

ಮಲೆನಾಡಿಗ: ಒಪ್ಪಿದೆ. ನಾನು ಹೇಳಿದ್ದು ಬಂದ ಕಾರಣ, ನೀವು ಹೇಳಿದ್ದು ಬಂದವರು ಹೋಗದ ಕಾರಣ. 2025ರ ಜನವರಿಯಲ್ಲಿ ರುವಾಂಡಾ ಬೆಂಬಲದ ಎಂ23 ಬಂಡುಕೋರರು ಗೋಮಾ ಹಿಡಿದಾಗಲೂ ರುವಾಂಡಾ ಕಾರಣ ಅಂತ ತೋರಿಸಿದ್ದು ಅದೇ ಹಳೇ ಹುಟು ಪಡೆಯನ್ನೇ. ರುಬಾಯಾದ ಕೋಲ್ಟಾನ್ (ಮೊಬೈಲ್ ಬಿಡಿಭಾಗಗಳಿಗೆ ಬೇಕಾದ ಅದಿರು) ಗಣಿ ಮಾತ್ರ ಹಿಂದಿನ ವರ್ಷವೇ ಎಂ23 ಕೈಸೇರಿತ್ತು.

ರಾತ್ರಿಪಾಳಿ: ಕಿಸಂಗಾನಿ ವಿಷಯ ನನಗೆ ಗೊತ್ತೇ ಇರಲಿಲ್ಲ. ಮ್ಯಾಪ್ ತೆಗೆದು ಮತ್ತೆ ಕೂತೆ.