ರೆಡ್ ಅಲರ್ಟ್ ಫಾರ್ವರ್ಡ್ ಮಾಡಿದರೆ ಸಾಲದು: ಮಳೆಗಾಲಕ್ಕೆ ಮೊದಲು ನಾವೇ ಒಂದು ವ್ಯವಸ್ಥೆ ಮಾಡೋಣ

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಹವಾಮಾನ ಇಲಾಖೆಯ ಅಲರ್ಟ್ ಬಂದರೆ ನಮ್ಮ ಈ ವಾಟ್ಸಾಪ್ ಗುಂಪಿನಲ್ಲಿ ಹತ್ತು ಜನ ಹಾಕುತ್ತಾರೆ. ಓದಿದವರು "ನಾಳೆ ಶಾಲೆಗೆ ರಜೆ ಉಂಟಾ?" ಅಂತ ಕೇಳಿ ಸುಮ್ಮನಾಗುತ್ತಾರೆ. ರೆಡ್ ಅಂದರೆ ಸಾಮಾನ್ಯವಾಗಿ ಒಂದು ದಿನಕ್ಕೆ 20 ಸೆಂಟಿಮೀಟರ್‌ಗಿಂತ ಜಾಸ್ತಿ ಮಳೆ. ಅದು ಇಡೀ ಉಡುಪಿ ಜಿಲ್ಲೆಗೆ, ಹೆಬ್ರಿಯ ಘಟ್ಟದ ಬುಡದವರಿಗೂ ನಮಗೂ ಒಂದೇ ಬಣ್ಣ. ನಮಗೆ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಒಂದೇ ರಸ್ತೆ. ಆ ರಸ್ತೆಗೆ ನೀರು ಬರುವ ಮೊದಲು ಯಾರು ಹೊರಡಬೇಕು, ಎಲ್ಲಿಗೆ ಅಂತ ಹೇಳುವವರು ಬೇಕು.

ಕಡಲ ಬದಿಯ ಕೊನೆ ಮನೆ:
ಹೌದು ಅಣ್ಣ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ "ಅದು ಗುಜರಾತಿಗೆ ಹೋಗುತ್ತದೆ, ನಮಗೇನಿಲ್ಲ" ಅಂತ ಎಲ್ಲರೂ ಹೇಳಿದರು. ಅದು ದಡ ಸೇರಿದ್ದು ಗುಜರಾತಿನಲ್ಲೇ. ಆದರೆ ಎರಡು ದಿನ ಮೊದಲು ನಮ್ಮ ಕರಾವಳಿಯ ಪಕ್ಕದಲ್ಲೇ ಹೋಯಿತಲ್ಲ! ತೆಂಗಿನಮರ, ರಸ್ತೆ ಎಲ್ಲ ಕಡಲು ತಿಂದಿತು. ಮ್ಯಾಪಿನ ಗೆರೆ ನೋಡಿ ಧೈರ್ಯ ಮಾಡಬಾರದು.

ನಾಡದೋಣಿಯವರ ಮನೆ:
ಮಳೆ, ಗಾಳಿ ಏನೂ ಇಲ್ಲದೆ, ಬಿಸಿಲಿದ್ದಾಗಲೂ ದೊಡ್ಡ ಅಲೆ ಬರುವುದುಂಟು. ದೂರದ ಸಾಗರದಲ್ಲಿ ಎದ್ದ ಅಲೆ ಅದು. ಅದರ ಎಚ್ಚರಿಕೆಯನ್ನು ಕಡಲಿನ ಸ್ಥಿತಿ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ, ಹೈದರಾಬಾದಿನ ಇನ್‌ಕಾಯ್ಸ್ ಕೊಡುತ್ತದೆ. ಮಳೆ ಅಲರ್ಟ್ ಮಾತ್ರ ನೋಡಿದರೆ ಗೊತ್ತಾಗುವುದಿಲ್ಲ.

ಹೊಳೆ ಬದಿಯವರು:
ನಮ್ಮ ಕಥೆ ಬೇರೆ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೆರೆ ಬಂದಾಗ ಚಂಡಮಾರುತ ನಮ್ಮ ಮೇಲೆ ಬಂದಿರಲಿಲ್ಲ. ರಾತ್ರಿಯಿಡೀ ಮಳೆ. ಮೇಲಿನಿಂದ ಹೊಳೆ ತುಂಬಿ ಬರುವ ಹೊತ್ತಿಗೆ ಕಡಲಿನಲ್ಲಿ ಉಬ್ಬರ ಇದ್ದರೆ ನೀರು ಇಳಿಯುವುದಿಲ್ಲ. ಹಾಗಾಗಿ ಉಬ್ಬರದ ಹೊತ್ತು ನಮಗೆ ಮುಖ್ಯ. ಅಮಾವಾಸ್ಯೆ, ಹುಣ್ಣಿಮೆಗೆ ಇನ್ನೂ ಜಾಸ್ತಿ.

ಎರಡನೇ ಅಡ್ಡರಸ್ತೆ:
ಆದರೆ ಮಾರಾಯ್ರೆ, ಪದೇಪದೇ ಹೆದರಿಸಿದರೆ? ಎರಡು ಸಲ ಏನೂ ಆಗದಿದ್ದರೆ ಮೂರನೇ ಸಲ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ.

ಸಂಘದ ಕಾರ್ಯದರ್ಶಿ:
ಸರಿಯಾದ ಮಾತು. ಅದಕ್ಕೇ ಎಲ್ಲರಿಗೂ "ಎಚ್ಚರ" ಅಂತ ಹೇಳುವುದು ಬೇಡ. ಹೀಗೆ ಬರೆಯೋಣ: "ರಾತ್ರಿ 11ಕ್ಕೆ ಉಬ್ಬರ. ಮೇಲೆ ಜೋರು ಮಳೆ. ಹೊಳೆ ಬದಿಯ ಮೊದಲ ಸಾಲಿನವರು 8ರ ಒಳಗೆ ಶಾಲೆಗೆ ಬನ್ನಿ. ಔಷಧಿ, ಆಧಾರ್, ಚಾರ್ಜರ್ ತನ್ನಿ. ಉಳಿದವರು ಮನೆಯಲ್ಲೇ ಇರಿ." ಏನೂ ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಮರುದಿನ ಅದೇ ಗುಂಪಿನಲ್ಲಿ ಹೇಳಬೇಕು. ಆಗ ನಂಬಿಕೆ ಉಳಿಯುತ್ತದೆ.

ಕಡಲ ಬದಿಯ ಕೊನೆ ಮನೆ:
ನಮ್ಮ ಅತ್ತೆಗೆ ಓದಲು ಬರುವುದಿಲ್ಲ. ತುಳುವಿನಲ್ಲಿ ವಾಯ್ಸ್ ಮೆಸೇಜ್ ಹಾಕಿ. ಬಂದರಿನಲ್ಲಿ ಕೆಲಸ ಮಾಡುವ ಒಡಿಶಾ, ಜಾರ್ಖಂಡಿನ ಹುಡುಗರು ಬಾಡಿಗೆ ರೂಮುಗಳಲ್ಲಿದ್ದಾರೆ, ಅವರು ಈ ಗುಂಪಿನಲ್ಲೇ ಇಲ್ಲ. ಅವರಿಗೆ ಹಿಂದಿಯಲ್ಲಿ ಹೇಳಬೇಕು. ಕರೆಂಟ್ ಹೋಗಿ ನೆಟ್‌ವರ್ಕ್ ಇಲ್ಲದಿದ್ದರೆ ಬಾಗಿಲು ತಟ್ಟಲೇಬೇಕು.

ನಾಡದೋಣಿಯವರ ಮನೆ:
ಕಡಲ ಸಾಲಿನ ಬಾಗಿಲು ನಾವು ತಟ್ಟುತ್ತೇವೆ. ಇನ್‌ಕಾಯ್ಸ್ ಎಚ್ಚರಿಕೆ ನಾನು ದಿನಾ ನೋಡಿ ಹಾಕುತ್ತೇನೆ.

ಸಂಘದ ಕಾರ್ಯದರ್ಶಿ:
ಹೊಳೆ ಸಾಲಿಗೆ ಇಬ್ಬರು ಬೇಕು. ಜಿಲ್ಲಾ ಕಂಟ್ರೋಲ್ ರೂಮ್ 1077 ಎಲ್ಲರೂ ಸೇವ್ ಮಾಡಿ. ಭಾನುವಾರ ಸಂಜೆ 5ಕ್ಕೆ ಭಜನಾ ಮಂದಿರಕ್ಕೆ ಬನ್ನಿ. ನಡೆಯಲಾಗದವರು, ಬಾಣಂತಿಯರು ಯಾವ ಮನೆಯಲ್ಲಿದ್ದಾರೆ ಅಂತ ಪಟ್ಟಿ ಮಾಡೋಣ.

ಹೊಳೆ ಬದಿಯವರು:
ನಾನು ಮತ್ತು ನನ್ನ ತಮ್ಮ ಇದ್ದೇವೆ. ಅವನ ರಿಕ್ಷಾವೂ ಉಂಟು, ಅಜ್ಜ ಅಜ್ಜಿಯರನ್ನು ಮೊದಲು ಸಾಗಿಸಬಹುದು.